ಬದುವಿನ ಮಣ್ಣು ಹೊತ್ತವರ ಲೆಕ್ಕ

ಮಣ್ಣು ಉಳಿಸಿ ಅಂತ ಈಗ ಎಲ್ಲರೂ ಹೇಳ್ತಾರೆ. ಸಂತೋಷ. ಆದರೆ ಯಾರ ಮಣ್ಣು? ಹೊತ್ತವರು ಯಾರು, ಉಂಡವರು ಯಾರು? ಈ ಪ್ರಶ್ನೆ ಕೇಳಿದ ಕೂಡಲೇ ಭೂಸಂರಕ್ಷಣೆಯ ಪಂಡಿತರಿಗೆ ಕಿವುಡು.

ಸರ್ಕಾರಿ ಚರಿತ್ರೆ ಇಷ್ಟು: 1930ರ ದಶಕದಲ್ಲಿ ಬಿಜಾಪುರ, ಹಗರಿ, ರಾಯಚೂರುಗಳಲ್ಲಿ ಒಣಬೇಸಾಯದ ಸಂಶೋಧನಾ ಕೇಂದ್ರಗಳು ಬಂದವು. 1942ರಲ್ಲಿ ಮುಂಬಯಿ ಸರ್ಕಾರ ಭೂ ಅಭಿವೃದ್ಧಿ ಯೋಜನೆಗಳ ಕಾಯ್ದೆ ಮಾಡಿತು. 1954ರಲ್ಲಿ ಬಳ್ಳಾರಿಗೆ ಭೂಸಂರಕ್ಷಣಾ ಕೇಂದ್ರ. 1961ರಲ್ಲಿ ಮೈಸೂರು ರಾಜ್ಯಕ್ಕೆ ತನ್ನದೇ ಕಾಯ್ದೆ. ಇದರಲ್ಲಿ ಗುದ್ದಲಿ ಹಿಡಿದವನು ಎಲ್ಲಿದ್ದಾನೆ? ಯೋಜನೆಯ ಮೇಲೆ ತಕರಾರಿದ್ದರೆ ಹೊಲದ ಒಡೆಯ ಹೇಳಿಕೊಳ್ಳಬಹುದಿತ್ತು. ಬುಟ್ಟಿ ಹೊತ್ತವಳನ್ನು ಯಾರು ಕೇಳಬೇಕು?

ಈ ಕೇಂದ್ರಗಳು ಬರೋಕೆ ಮುಂಚೆ ಮಣ್ಣು ಹೇಗೆ ನಿಂತಿತ್ತು ಸ್ವಾಮಿ? ಬಿಜಾಪುರ, ಧಾರವಾಡದ ಕಡೆ ಹಳ್ಳಕ್ಕೆ ಅಡ್ಡ ಕಲ್ಲು ಪೇರಿಸಿ, ಹೆಚ್ಚಿನ ನೀರು ಹೋಗೋಕೆ ಕೋಡಿ ಬಿಟ್ಟು, ಹೂಳು ತುಂಬಿಸಿಕೊಂಡು ಒಡ್ಡಿನ ಹೊಲ ಮಾಡಿದ್ದರು. ಕಲ್ಲು ಒಡೆದು ಮಣ್ಣು ತೋಡೋದನ್ನೇ ಕುಲಕಸುಬು ಮಾಡಿ ಊರಾಚೆ ಇಟ್ಟ ಒಡ್ಡರನ್ನು ಯಾರು ಇಂಜಿನಿಯರ್ ಅಂದರು?

ಓದಿದ ಇಂಜಿನಿಯರುಗಳು ಎರೆಭೂಮಿಗೂ ಸಮಪಾತಳಿ ಬದು ಹಾಕಿಸಿದರು. ಬೇಸಿಗೆಯಲ್ಲಿ ಎರೆ ಬಿರಿಯುತ್ತದೆ, ಅದರ ಬದುವೂ ಬಿರಿಯುತ್ತದೆ. ದೊಡ್ಡ ಮಳೆ ಬಿದ್ದರೆ ನೀರು ಆ ಬಿರುಕು ಹೊಕ್ಕು ಬದು ಕಿತ್ತುಹೋಗುತ್ತದೆ. ಕೀಳದಿದ್ದರೆ ನೀರು ನಿಂತು ಬೆಳೆ ಕೊಳೆಯುತ್ತದೆ. ಮಸಾರಿಗೆ ಅದು ಸರಿ, ಎರೆಗೆ ತುಸು ಇಳಿಜಾರು ಕೊಟ್ಟ ಬದು ಬೇಕು ಅನ್ನೋದು ಪ್ರಯೋಗ ಮಾಡಿ ಮಾಡಿ ಗೊತ್ತಾಯಿತು. ಅಲ್ಲೀವರೆಗೆ ಒಡೆದದ್ದನ್ನು ಮತ್ತೆ ಕಟ್ಟಿದ್ದು ಅವೇ ಕೈಗಳು.

1972ರ ಬರ ಬಂತು. ಬರಗಾಲ ಕಾಮಗಾರಿ ಅಂದರು. ತೋಡಿದ ಗುಂಡಿ ಅಳೆದು ಕೂಲಿ. ಹಸಿದ ಹೊಟ್ಟೆ ಎಷ್ಟು ಆಳ ತೋಡೀತು? ಬರ ಕಳೆದ ಮೇಲೆ ಬದು ಗೌಡರ ಹೊಲದಲ್ಲಿ ಉಳೀತು, ನಮ್ಮೋರು ಬರಿಗೈಲಿ ಕೇರಿಗೆ ಮರಳಿದರು. ಸರ್ಕಾರದ ದುಡ್ಡು, ನಮ್ಮ ಬೆವರು, ಜಮೀನ್ದಾರನ ಆಸ್ತಿ. ಇದಕ್ಕೆ ಬರಪರಿಹಾರ ಅಂತ ಹೆಸರು!

ದರಖಾಸ್ತಿನಲ್ಲಿ ನಮಗೆ ಬಹಳ ಕಡೆ ಸಿಕ್ಕದ್ದು ಗುಡ್ಡದ ಓರೆಯ ಕಲ್ಲುನೆಲ. ಅದರ ಮೇಲ್ಮಣ್ಣು ಪ್ರತಿ ಮುಂಗಾರಿಗೂ ಜಾರಿ ಕೆಳಗಿನ ಸಾಹುಕಾರನ ಬದುವಿಗೆ ಆತು ಕೂರುತ್ತದೆ. ಮಂಜೂರಾದ ಭೂಮಿ ಪರರ ಪಾಲಾಗದಂತೆ 1978ರಲ್ಲಿ ಕಾಯ್ದೆ ಬಂತು. ಮಳೆ ಕೊಚ್ಚಿಕೊಂಡು ಹೋದದ್ದಕ್ಕೆ ಯಾವ ಕಾಯ್ದೆ? ಜಲಾನಯನದ ಪುಸ್ತಕವೇ ನೆತ್ತಿಯಿಂದ ಕೆಳಕ್ಕೆ ಕೆಲಸ ಮಾಡಿ ಅನ್ನುತ್ತದೆ. ಸರಿ, ಆ ನೆತ್ತಿಯ ಮೇಲೆ ಇರೋರು ನಾವೇ. 2001ರಲ್ಲಿ ವಿಶ್ವಬ್ಯಾಂಕಿನ ಸಾಲದಲ್ಲಿ ಸುಜಲ ಯೋಜನೆ ಬಂದಾಗ ಹೊಲ ಇದ್ದವರಿಗೆ ಬದು, ಕೃಷಿಹೊಂಡ. ಇಲ್ಲದವರಿಗೆ ಸಂಘ ಮತ್ತು ಸಾಲ. ಸಾಲದಲ್ಲಿ ಜೋಳ ಬೆಳೆಯುತ್ತದೆಯೇ?

ಆದ್ದರಿಂದ ನಾವು ಬೇಡುತ್ತಿಲ್ಲ, ಕೇಳುತ್ತಿದ್ದೇವೆ. ಮೊದಲ ಬದು ದರಖಾಸ್ತು ಹೊಲದಲ್ಲಿ ಬೀಳಲಿ. ಸರ್ಕಾರಿ ಹಣದ ಬದು ಯಾರ ಹೊಲದಲ್ಲಿ ಎಷ್ಟು ಬಿತ್ತು, ಸರ್ವೆ ನಂಬರ್ ಸಮೇತ ಪಂಚಾಯ್ತಿ ಗೋಡೆ ಮೇಲೆ ಬರೆಸಿ. ಓದೋಕೆ ಬರೋರು ಈಗ ಕೇರಿಯಲ್ಲಿ ಬೇಕಾದಷ್ಟು ಜನ ಇದ್ದಾರೆ.