ವೋಚರ್ ಒಬ್ಬರಿಗೆ, ಬ್ಯಾಟ್ರಿ ಮಷಿನ್ ಮತ್ತೊಬ್ಬರಿಗೆ!

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ. ಈ ಐದೂ ಊರುಗಳ ಹಾರ್ಡ್‌ವೇರ್ ಅಂಗಡಿಗಳಿಗೆ ಈಗ ಹೊಸದೊಂದು ಪೆಟ್ಟಿಗೆ ಬಂದು ಕುಳಿತಿದೆ. ಪ್ಲಾಸ್ಟಿಕ್ಕಿನದು, ಸೂಟ್‌ಕೇಸಿನ ಹಾಗೆ ಹಿಡಿಕೆ. ತೆಗೆದರೆ ಒಳಗೆ ಪಿಸ್ತೂಲಿನ ಆಕಾರದ ಡ್ರಿಲ್ ಮಷಿನ್, ಒಂದೋ ಎರಡೋ ಬ್ಯಾಟ್ರಿ, ಒಂದು ಚಾರ್ಜರ್. ವೈರ್ ಇಲ್ಲ, ಪ್ಲಗ್ ಇಲ್ಲ. ಅಂಗಡಿಯವರು ಗುಂಡಿ ಒತ್ತಿ 'ಗರ್ರ್' ಅನ್ನಿಸಿ ತೋರಿಸುತ್ತಾರೆ. ನೋಡಿದ ಹುಡುಗರಿಗೆ ಕೈ ತುರಿಸುತ್ತದೆ. ಸಾಲವಾದರೂ ಸರಿ, ಒಂದು ತಗೊಂಡೇ ಬಿಡೋಣ ಎನ್ನುವ ಆಸೆ.

ಆಸೆ ತಪ್ಪಲ್ಲ. ಆದರೆ ಆರು ತಿಂಗಳ ನಂತರ ಅದೇ ಹುಡುಗರನ್ನು ಕೇಳಿ ನೋಡಿ. "ಏನ್ ಉಸ್ತಾದ್, ಹ್ಯಾಂಗ ನಡದದ ಮಷಿನ್?" ಅಂದರೆ, "ಬ್ಯಾಟ್ರಿ ಹೋಗ್ಯಾದ್ರಿ, ಮನ್ಯಾಗ ಬಿದ್ದದ" ಎಂಬ ಉತ್ತರ ಬರುವುದು ಅಪರೂಪವೇನಲ್ಲ. ದಿನಗೂಲಿಯವರಿಗೆ ಹತ್ತು ಹನ್ನೆರಡು ಸಾವಿರದ ವಸ್ತು ಮೂಲೆ ಸೇರುವುದೆಂದರೆ ಎಷ್ಟು ದಿನದ ಪಗಾರ ಮಣ್ಣಾಯಿತು? ಲೆಕ್ಕ ಹಾಕಲು ದೊಡ್ಡ ಪದವಿ ಬೇಕಿಲ್ಲ.

ಈ ಮಾತು ಈಗ ಏಕೆ ಎಂದರೆ, ಇದರೊಳಗೆ ಸರ್ಕಾರದ ದುಡ್ಡೂ ಸೇರಿಕೊಂಡಿದೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಉಪಕರಣಕ್ಕೆಂದು 15,000 ರೂ. ವರೆಗೆ ಇ-ವೋಚರ್ ಇದೆ. ಐದರಿಂದ ಏಳು ದಿನದ ಮೂಲ ತರಬೇತಿ, ದಿನಕ್ಕೆ 500 ರೂ. ಭತ್ಯೆ. ಆಮೇಲೆ ಜಾಮೀನಿಲ್ಲದ ಸಾಲ, ಶೇ. 5ರ ಬಡ್ಡಿ. ಮೊದಲ ಕಂತು 1 ಲಕ್ಷದವರೆಗೆ, 18 ತಿಂಗಳಲ್ಲಿ ತೀರಿಸಬೇಕು. ಎರಡನೆಯದು 2 ಲಕ್ಷದವರೆಗೆ, 30 ತಿಂಗಳು. ಬಡಗಿ, ಕಮ್ಮಾರ, ಗೌಂಡಿ, ಕಲ್ಲು ಕೆತ್ತುವವರು, ಕಲ್ಲು ಒಡೆಯುವವರು, ಕುಂಬಾರ, ಕ್ಷೌರಿಕ, ದರ್ಜಿ ಹೀಗೆ ಒಟ್ಟು 18 ಕಸುಬುಗಳು.

ಪಟ್ಟಿಯನ್ನು ಇನ್ನೊಮ್ಮೆ ಓದಿ. ಎಲೆಕ್ಟ್ರಿಷಿಯನ್ ಇಲ್ಲ. ಪ್ಲಂಬರ್ ಇಲ್ಲ. ಅಲ್ಯೂಮಿನಿಯಂ ಕಿಟಕಿ ಕೂಡಿಸುವವರಿಲ್ಲ, ಪಿಒಪಿ ಛತ್ತು ಕಟ್ಟುವವರಿಲ್ಲ. ಅಂದರೆ ಬ್ಯಾಟ್ರಿ ಡ್ರಿಲ್ ಯಾರ ಕೈಯಲ್ಲಿ ದಿನವಿಡೀ ದುಡಿಯುತ್ತದೋ ಅವರೇ ಹೊರಗೆ! ಒಳಗಿರುವ ಗೌಂಡಿಗೆ, ಫರಸಿ ಕೊಯ್ಯುವವರಿಗೆ ಅದರಿಂದ ಆಗುವ ಉಪಯೋಗ ಕಡಿಮೆ. ಬಡಗಿಯೊಬ್ಬರಿಗೆ ಮಾತ್ರ ವೋಚರೂ ಉಂಟು, ಮಷಿನಿನ ಗರಜೂ ಉಂಟು.

ಫರಸಿಯವರಿಗೆ ಉಪಯೋಗ ಕಡಿಮೆ ಏಕೆ? ಇಲ್ಲೇ ಲೆಕ್ಕ ಬರುತ್ತದೆ, ಸ್ವಲ್ಪ ತಾಳ್ಮೆಯಿಂದ ಕೇಳಬೇಕು. ಬ್ಯಾಟ್ರಿಯ ಮೇಲೆ ಎರಡು ಅಂಕಿ ಬರೆದಿರುತ್ತಾರೆ. ಒಂದು ವೋಲ್ಟ್, ಇನ್ನೊಂದು ಆಂಪಿಯರ್-ಅವರ್. ಎರಡನ್ನೂ ಗುಣಿಸಿದರೆ ಒಳಗೆ ಎಷ್ಟು ಕರೆಂಟು ತುಂಬಿದೆ ಎಂಬುದು ಸಿಗುತ್ತದೆ. 18 ವೋಲ್ಟ್, 2 ಆಂಪಿಯರ್-ಅವರ್ ಅಂದರೆ 36 ವ್ಯಾಟ್-ಅವರ್. ಕಲ್ಲು ಕೊಯ್ಯುವ ಕೈ ಗ್ರೈಂಡರ್ ಭಾರ ಬಿದ್ದಾಗ ಸುಮಾರು 600 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. 36ನ್ನು 600ರಿಂದ ಭಾಗಿಸಿ ನಿಮಿಷಕ್ಕೆ ತಿರುಗಿಸಿದರೆ ಬರುವುದು ಮೂರೂವರೆ ನಿಮಿಷ ಚಿಲ್ಲರೆ. ದೊಡ್ಡದು, 5 ಆಂಪಿಯರ್-ಅವರ್ ಬ್ಯಾಟ್ರಿ ಹಾಕಿದರೂ ಒಂಬತ್ತು ನಿಮಿಷ. ಶಹಾಬಾದ್ ಕಲ್ಲಿನ ಒಂದು ನೆಲ ಹಾಸಲು ದಿನವಿಡೀ ಅಂಚು ಕೊಯ್ಯಬೇಕು. ಒಂಬತ್ತು ನಿಮಿಷದ ಬ್ಯಾಟ್ರಿ ಅಲ್ಲಿ ಏನು ಮಾಡೀತು? ಚಹಾ ಕುಡಿದು ಬರುವುದರೊಳಗೆ ಖಾಲಿ.

ಅದೇ 36 ವ್ಯಾಟ್-ಅವರ್ ಬಾಗಿಲಿಗೆ ತಿರುಪು ಹಾಕುವವರ ಕೈಯಲ್ಲಿ ಬಹಳ ಹೊತ್ತು ಬಾಳುತ್ತದೆ. ತಿರುಪು ಒಂದಕ್ಕೆ ಮಷಿನ್ ಓಡುವುದು ಎರಡೋ ಮೂರೋ ಸೆಕೆಂಡು. ಉಳಿದ ಹೊತ್ತೆಲ್ಲ ಅಳತೆ, ಗುರುತು, ಏಣಿ ಹತ್ತುವುದು ಇಳಿಯುವುದು. ಮಷಿನಿಗೆ ವಿಶ್ರಾಂತಿ. ಬ್ಯಾಟ್ರಿ ಸಾಮಾನಿನ ಗುಟ್ಟೆಲ್ಲ ಇಷ್ಟೇ. ಬಿಟ್ಟು ಬಿಟ್ಟು ಮಾಡುವ ಕೆಲಸಕ್ಕೆ ಬ್ಯಾಟ್ರಿ, ಬಿಡದೆ ಮಾಡುವ ಕೆಲಸಕ್ಕೆ ವೈರು.

ವೈರಿನ ಮಷಿನಿಗೆ ಇನ್ನೊಂದು ದೊಡ್ಡ ಗುಣ ಇದೆ. ಅದು ಕೆಟ್ಟರೆ ರಿಪೇರಿ ಊರಲ್ಲೇ ಆಗುತ್ತದೆ. ಕಾರ್ಬನ್ ಸವೆದರೆ ಅಂಗಡಿಯಲ್ಲಿ ಕಾರ್ಬನ್ ಸಿಗುತ್ತದೆ, ಆರ್ಮೇಚರ್ ಸುಟ್ಟರೆ ಮೋಟಾರ್ ವೈಂಡಿಂಗ್ ಮಾಡುವವರು ನೋಡುತ್ತಾರೆ. ವಾಡಿ, ಶಹಾಬಾದ್ ಕಡೆ ಕಾರ್ಖಾನೆ, ಬಾಯ್ಲರು, ಮೋಟಾರುಗಳ ಮಧ್ಯೆ ಬೆಳೆದ ತಲೆಮಾರುಗಳಿವೆ; ಆ ಕೈಗುಣಕ್ಕೆ ಬರವಿಲ್ಲ. ಬ್ಯಾಟ್ರಿ ಮಷಿನಿನೊಳಗೆ ಇರುವುದು ಮಾತ್ರ ಎಲೆಕ್ಟ್ರಾನಿಕ್ ಬೋರ್ಡು. ಬ್ರಷ್‌ಲೆಸ್ ಎಂಬ ಹೊಸ ತರಹದ ಮೋಟಾರಿನಲ್ಲಿ ಕಾರ್ಬನ್ನೇ ಇಲ್ಲ. ಸವೆತ ಕಡಿಮೆ, ಒಂದೇ ಚಾರ್ಜಿಗೆ ಹೆಚ್ಚು ಕೆಲಸ, ನಿಜವಾಗಿಯೂ ಒಳ್ಳೆಯದೇ. ಆದರೆ ಬೋರ್ಡು ಹೋದರೆ ಊರಿನ ಉಸ್ತಾದರೂ ಕೈ ಎತ್ತುತ್ತಾರೆ. ಕಂಪನಿಯ ಸರ್ವೀಸ್ ಸೆಂಟರೇ ಗತಿ.

ಆ ಸೆಂಟರ್ ಎಲ್ಲಿದೆ ಎಂಬುದನ್ನು ಕೊಳ್ಳುವ ಮುಂಚೆ ಕೇಳಬೇಕು, ಕೊಂಡ ಮೇಲಲ್ಲ. ಕಲಬುರಗಿಯಲ್ಲಿದೆಯೋ, ಹೈದರಾಬಾದಿಗೆ ಕಳಿಸಬೇಕೋ? ಎಷ್ಟು ದಿನ? ಶಹಾಬಾದಿನವರಿಗೆ, ವಾಡಿಯವರಿಗೆ ರೈಲಿದೆ, ಬೆಳಿಗ್ಗೆ ಹೋಗಿ ಸಂಜೆಗೆ ಬರಬಹುದು. ಚಿಂಚೋಳಿಯ ಬಡಗಿಗೆ ಬಸ್ಸೇ ಗತಿ, ಕೊಡಲು ಒಂದು ದಿನ, ತರಲು ಒಂದು ದಿನ. ಅಲ್ಲಿಗೆ ಎರಡು ದಿನದ ಕೂಲಿ ಹೋಯಿತು. ಅಂಥವರು ಅಂಕಿ-ಅಂಶ ನೋಡಿ ಮಷಿನ್ ಆರಿಸುವುದಕ್ಕಿಂತ ತಾಂಡೂರಲ್ಲೋ ಕಲಬುರಗಿಯಲ್ಲೋ ಯಾವ ಕಂಪನಿಯದು ಬೇಗ ರಿಪೇರಿಯಾಗುತ್ತದೆ ಎಂದು ನೋಡಿ ಆರಿಸುವುದು ಜಾಣತನ.

ಇನ್ನು ಮಾರುಕಟ್ಟೆಯ ಆಟ. ಸಂತೆಯಲ್ಲೂ ಮೊಬೈಲಿನಲ್ಲೂ ಎರಡು ಎರಡೂವರೆ ಸಾವಿರಕ್ಕೆ ಪೆಟ್ಟಿಗೆ ಸಿಗುತ್ತದೆ. ಮೇಲೆ ದೊಡ್ಡ ಅಕ್ಷರದಲ್ಲಿ 48, 88, 128! "ಕಾಕಾ, ಕಂಪನೀದು ಬರೀ 18 ವೋಲ್ಟ್, ಇದು 88 ವೋಲ್ಟ್ ಅದ ನೋಡ್ರಿ" ಎನ್ನುತ್ತಾರೆ ಮಾರುವವರು. ಕಾಕಾ ಒಂದು ಪ್ರಶ್ನೆ ಕೇಳಿದರೆ ಸಾಕು, ಆಟ ಮುಗಿಯುತ್ತದೆ. ಲಿಥಿಯಂ ಸೆಲ್ ಒಂದಕ್ಕೆ 3.6 ವೋಲ್ಟ್. ಐದು ಸೆಲ್ ಸಾಲಾಗಿ ಕೂಡಿಸಿದರೆ 18. ನಿಜವಾಗಿ 88 ಆಗಬೇಕಾದರೆ ಇಪ್ಪತ್ನಾಲ್ಕು ಸೆಲ್ ಬೇಕು. ಬೆರಳು ಗಾತ್ರದ ಸಾಧಾರಣ ಸೆಲ್ ಒಂದು ಸುಮಾರು 45 ಗ್ರಾಂ ತೂಗುತ್ತದೆ. ಇಪ್ಪತ್ನಾಲ್ಕಕ್ಕೆ ಕಿಲೋ ದಾಟಬೇಕು. ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟರೆ ಅರ್ಧ ಕಿಲೋ ಕೂಡ ಇಲ್ಲದ ಬ್ಯಾಟ್ರಿ 88 ವೋಲ್ಟ್ ಆಗುವುದು ಹೇಗೆ ಸ್ವಾಮಿ? ಆ ಅಂಕಿ ಮಾದರಿಯ ಹೆಸರು ಎಂದು ಜಾರಿಕೊಳ್ಳುತ್ತಾರೆ, ಅಷ್ಟೆ.

ಒಳ್ಳೆ ಕಂಪನಿಗಳಲ್ಲೂ ಒಂದು ಸಣ್ಣ ಗೊಂದಲ ಇದೆ. ಕೆಲವರು 18 ಎಂದು ಬರೆಯುತ್ತಾರೆ, ಕೆಲವರು 20 ಎಂದು. ಪೂರ್ತಿ ಚಾರ್ಜ್ ಆದ ಹೊಸತಿನಲ್ಲಿ ಸೆಲ್ ನಾಲ್ಕು ವೋಲ್ಟ್ ತೋರಿಸುತ್ತದೆ, ಐದಕ್ಕೆ 20. ಕೆಲಸ ಮಾಡುವಾಗ ಅದೇ 18. ಎರಡೂ ಒಂದೇ. ಎರಡು ವೋಲ್ಟ್ ಹೆಚ್ಚಿಗೆ ಅಂತ ಎರಡು ಸಾವಿರ ಹೆಚ್ಚಿಗೆ ಕೊಡುವ ಅಗತ್ಯ ಇಲ್ಲ.

ದುಡ್ಡು ನಿಜವಾಗಿ ಉಳಿಯುವುದು ಬೇರೆ ಕಡೆ. ಬ್ಯಾಟ್ರಿ ಅಂದರೆ ಸೋಯರಿಕೆ ಇದ್ದ ಹಾಗೆ. ಒಂದು ಮನೆಗೆ ಕೊಟ್ಟ ಮೇಲೆ ವ್ಯವಹಾರವೆಲ್ಲ ಆ ಮನೆಯ ಜೊತೆಗೇ. ಒಂದು ಕಂಪನಿಯ ಬ್ಯಾಟ್ರಿ ಇನ್ನೊಂದು ಕಂಪನಿಯ ಮಷಿನಿಗೆ ಕೂಡುವುದಿಲ್ಲ. ಅಷ್ಟೇ ಅಲ್ಲ, ಕೆಲವೊಮ್ಮೆ ಒಂದೇ ಕಂಪನಿಯ ಎರಡು ಬಣ್ಣದ ಮಷಿನ್‌ಗಳಿಗೂ ಕೂಡುವುದಿಲ್ಲ. ಬಾಷ್‌ನ ಹಸಿರು ಮನೆಬಳಕೆಯದು, ನೀಲಿ ಕಸುಬಿನದು. ಎರಡೂ 18 ವೋಲ್ಟ್ ಆದರೂ ಬ್ಯಾಟ್ರಿ ಬೇರೆ ಬೇರೆ. ಹಾಗಾಗಿ ಮೊದಲ ಸಲ ಕೊಳ್ಳುವಾಗ ಎರಡು ಬ್ಯಾಟ್ರಿ, ಚಾರ್ಜರ್ ಕೂಡಿರುವ ಪೆಟ್ಟಿಗೆಯನ್ನೇ ಕೊಳ್ಳಬೇಕು. ಎರಡನೇ ಸಲ ಅದೇ ಮನೆತನದ ಬರೀ ಮಷಿನ್ ಕೊಂಡರೆ ಸಾಕು, ಅದು ಅಗ್ಗ. ಒಂದೇ ಬ್ಯಾಟ್ರಿಯ ಕಿಟ್ ಅಗ್ಗ ಎಂದು ತಂದವರು ಚಾರ್ಜ್ ಆಗುವವರೆಗೆ ಕಟ್ಟೆ ಮೇಲೆ ಕೂತು ಬೀಡಿ ಸೇದಬೇಕು, ಯಜಮಾನರು ಗಡಿಯಾರ ನೋಡುತ್ತಾ ನಿಂತಿರುತ್ತಾರೆ.

ನಮ್ಮ ಕಡೆಯ ಬಿಸಿಲಿನ ಮಾತು ಕಂಪನಿಯ ಪುಸ್ತಕದಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ, ಯಾರೂ ಓದುವುದಿಲ್ಲ. ಲಿಥಿಯಂ ಬ್ಯಾಟ್ರಿಯನ್ನು ಚಾರ್ಜ್ ಮಾಡಲು ಬಹುತೇಕ ಕಂಪನಿಗಳು ಹೇಳುವ ಮಿತಿ 40 ಡಿಗ್ರಿ ಆಸುಪಾಸು. ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿ ಜಿಲ್ಲೆಯ ನೆರಳೇ 42, 43 ದಾಟುತ್ತದೆ. ಪತ್ರಾಸಿನ ಶೆಡ್ಡಿನೊಳಗೆ ಕೇಳುವುದೇ ಬೇಡ. ಆಗಷ್ಟೇ ದುಡಿದು ಕಾದ ಬ್ಯಾಟ್ರಿಯನ್ನು ತಂದು ಚಾರ್ಜರಿಗೆ ಸಿಕ್ಕಿಸಿದರೆ ದೀಪ ಮಿಣುಕುತ್ತದೆ, ಚಾರ್ಜ್ ಆಗುವುದಿಲ್ಲ. ಚಾರ್ಜರ್ ಕೆಟ್ಟಿತೆಂದು ಬಡಿದು ನೋಡುವವರಿದ್ದಾರೆ! ಅದು ಕೆಟ್ಟಿಲ್ಲ, ಆರಲಿ ಎಂದು ಕಾಯುತ್ತಿದೆ. ಬೇಸಿಗೆಯಲ್ಲಿ ರಾತ್ರಿಯೇ ಮನೆಯಲ್ಲಿ ಎರಡೂ ಬ್ಯಾಟ್ರಿ ತುಂಬಿಕೊಂಡು ಹೋಗುವುದು ಲೇಸು. ಬೈಕಿನ ಡಿಕ್ಕಿಯಲ್ಲಿ ಬಿಸಿಲಿಗೆ ಬಿಡುವುದು ಬ್ಯಾಟ್ರಿಯ ಆಯುಷ್ಯವನ್ನು ಕೈಯಾರೆ ಕಡಿದ ಹಾಗೆ.

ಹಾಗಂತ ವೈರೇ ದೇವರು ಎಂದೂ ಹೇಳುವಂತಿಲ್ಲ. ಹೊಸ ಮನೆಗೆ ಜೆಸ್ಕಾಂ ಮೀಟರ್ ಬರುವ ಮೊದಲೇ ಕೆಲಸ ಶುರುವಾಗಿರುತ್ತದೆ. ಪಕ್ಕದ ಮನೆಯಿಂದ ಬೇಡಿದ ಕರೆಂಟು, ನಾಲ್ಕು ಕಡೆ ಟೇಪು ಸುತ್ತಿದ ವೈರು, ಕೆಳಗೆ ಕ್ಯೂರಿಂಗ್ ನೀರು, ಬರಿಗಾಲ ಹುಡುಗ. ಫರಸಿಗೆ ನೀರು ಬಿಟ್ಟು ಕೊಯ್ಯುವಲ್ಲಂತೂ ಮಷಿನಿನ ಮೈಮೇಲೇ ನೀರು. 230 ವೋಲ್ಟ್ ಯಾರ ಮುಖವನ್ನೂ ನೋಡುವುದಿಲ್ಲ. ಧೂಳಿಗೆ ಹೆದರಿ ನೀರು ಬಿಡಬೇಕು, ನೀರಿಗೆ ಹೆದರಿ ಬಿಡದಿದ್ದರೆ ಧೂಳು ಎದೆಗೆ ಹೋಗುತ್ತದೆ. ವೋಚರೋ ಸಾಲವೋ ಏನಾದರೂ ಇರಲಿ, ಕಲ್ಲು ಕೊಯ್ಯುವವರು ಮೊದಲು ಕೊಳ್ಳಬೇಕಾದದ್ದು 30 ಮಿಲಿಆಂಪಿಯರಿನ ಇಎಲ್‌ಸಿಬಿ ಕೂಡಿಸಿದ ಒಂದು ಬೋರ್ಡು, ಒಂದು ಗಟ್ಟಿ ರಬ್ಬರ್ ವೈರು, ಒಂದು ಜೊತೆ ಬೂಟು. ಗ್ರೈಂಡರಿನ ಗಾರ್ಡ್ ಬಿಚ್ಚಿ ಎಸೆಯುವ ಚಟ ಬಿಡಬೇಕು. ಮರ ಕೊಯ್ಯುವ ಹಲ್ಲಿನ ಬ್ಲೇಡನ್ನು ಗ್ರೈಂಡರಿಗೆ ಹಾಕುವ ಬಡಗಿಗಳು ತಮ್ಮ ಬೆರಳುಗಳನ್ನು ಒಮ್ಮೆ ಎಣಿಸಿಕೊಳ್ಳುವುದು ಒಳ್ಳೆಯದು.

ಈಗ ಮತ್ತೆ ವೋಚರಿಗೆ ಬರೋಣ. 15,000ದ ಆ ವೋಚರ್ ನಗದಲ್ಲ. ಗೊತ್ತುಪಡಿಸಿದ ಕೇಂದ್ರಗಳಲ್ಲಷ್ಟೇ ನಡೆಯುತ್ತದೆ. ಕಲಬುರಗಿಯ ಸೂಪರ್ ಮಾರ್ಕೆಟಿಗೆ ಹೋಗಿ ನಾಲ್ಕು ಅಂಗಡಿ ತಿರುಗಿ, ಚೌಕಾಸಿ ಮಾಡಿ, ಇದು ಕೊಡಿ ಎನ್ನುವ ಹಾಗಿಲ್ಲ. ಇಷ್ಟವಾದ್ದನ್ನು ಕೊಳ್ಳುವ ಸ್ವಾತಂತ್ರ್ಯ ಸಾಲದಲ್ಲಿದೆ. ಆದರೆ ಅದಕ್ಕೆ ಕಂತಿದೆ. ಪೂರ್ತಿ 1 ಲಕ್ಷ ತೆಗೆದುಕೊಂಡು ತಿಂಗಳ ಕಂತಿನ ಲೆಕ್ಕ ಹಾಕಿದರೆ ತಿಂಗಳಿಗೆ ಸುಮಾರು 5,780 ರೂ. ಮಳೆಗಾಲದಲ್ಲಿ ಕಟ್ಟಡದ ಕೆಲಸ ನಿಂತರೂ ಕಂತು ನಿಲ್ಲುವುದಿಲ್ಲ. ಕೊಡುತ್ತಾರೆಂದು ಲಕ್ಷ ತಂದು ಪೆಟ್ಟಿಗೆಗಳನ್ನು ಸಾಲಾಗಿ ಜೋಡಿಸಿಡುವುದಕ್ಕಿಂತ, ಬಡಗಿಯಾದವರು ಒಂದು ಬ್ಯಾಟ್ರಿ ಡ್ರಿಲ್ ಕಿಟ್, ವೈರಿನ ಗರಗಸ, ವೈರಿನ ರಂದ ಇಷ್ಟರಿಂದ ಶುರು ಮಾಡಿದರೆ ಕಂತೂ ಹಗುರ, ನಿದ್ದೆಯೂ ಬರುತ್ತದೆ.

ಪಟ್ಟಿಯಿಂದ ಹೊರಗುಳಿದ ಎಲೆಕ್ಟ್ರಿಷಿಯನ್, ಪ್ಲಂಬರ್, ಪೇಂಟರುಗಳಿಗೆ ಬಾಗಿಲೇ ಇಲ್ಲವೇ? ಒಂದಿದೆ. ರಾಜ್ಯದ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿ. 18ರಿಂದ 60 ವರ್ಷದೊಳಗಿನವರು, ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡದ ಕೆಲಸ ಮಾಡಿದ್ದರೆ ಹೆಸರು ಬರೆಸಬಹುದು. ಮಂಡಳಿ ಕಸುಬಿನ ಪ್ರಕಾರ ಟೂಲ್ ಕಿಟ್ ಹಂಚಿದ್ದೂ ಉಂಟು. ಆದರೆ ಕಾರ್ಡೇ ಮಾಡಿಸದ ಹುಡುಗರು ಎಷ್ಟೋ. ಕಾರ್ಖಾನೆಯ ಗೇಟಿನೊಳಗೆ ಕಂತ್ರಾಟಿ ಕೆಲಸ, ಭಾನುವಾರ ಊರಲ್ಲಿ ಮನೆ ವೈರಿಂಗ್ ಮಾಡುವವರು ತಾವು ಯಾವ ಲೆಕ್ಕಕ್ಕೆ ಸೇರುತ್ತೇವೆ ಎಂದು ಯಾರನ್ನೂ ಕೇಳಿರುವುದಿಲ್ಲ.

18 ಕಸುಬಿನ ಪಟ್ಟಿ ಹಳೆಯ ಊರಿನ ಲೆಕ್ಕ. ಸಿಮೆಂಟು ಕಾರ್ಖಾನೆಗಳ ಧೂಳಿನಲ್ಲಿ ಬೆಳೆದ ಸೇಡಂ, ವಾಡಿಗಳ ಲೆಕ್ಕ ಬೇರೆ. ಇಲ್ಲಿ ಕುಂಬಾರನ ಮಗ ವೈರ್‌ಮನ್ ಆಗಿದ್ದಾನೆ, ಕಮ್ಮಾರನ ಮಗ ಅಲ್ಯೂಮಿನಿಯಂ ಕಿಟಕಿ ಮಾಡುತ್ತಾನೆ. ಅಪ್ಪನ ಕಸುಬಿಗೆ ವೋಚರ್ ಇದೆ, ಮಗನ ಕಸುಬಿಗಿಲ್ಲ. ಕುಟುಂಬಕ್ಕೆ ಒಬ್ಬರಿಗಷ್ಟೇ ಎಂಬ ನಿಯಮ ಬೇರೆ. ಪಟ್ಟಿಗೆ ಇನ್ನೂ ನಾಲ್ಕು ಕಸುಬು ಸೇರಿಸಿ ಎಂದು ಕೇಳಬೇಕಾದವರು ಜಿಲ್ಲೆಯ ಚುನಾಯಿತ ಪ್ರತಿನಿಧಿಗಳು. ವೋಟು ಕೇಳಲು ಬಂದಾಗ ಅವರಿಗೂ ಒಂದು ಪ್ರಶ್ನೆ ಹಾಕಬಹುದು. ಅಲ್ಲಿಯವರೆಗೆ ಈ ಹುಡುಗರು ಕೈಯಿಂದಲೇ ದುಡ್ಡು ಹಾಕಿ ಕೊಳ್ಳಬೇಕಾದವರು. ಬಿಲ್ ಇಲ್ಲದೆ ಕೊಂಡರೆ ವಾರಂಟಿ ಇಲ್ಲ ಎಂಬುದನ್ನು ಅಂಗಡಿಯವರು ತಾವಾಗಿ ಹೇಳುವುದಿಲ್ಲ.