ಲಿಪಿಕಾರನ ಧರ್ಮ

ಓಲೆಗರಿಯನ್ನು ಪ್ರತಿಮಾಡುವ ಲಿಪಿಕಾರನು ಕಂಡುದನ್ನು ಕಂಡಂತೆ ಬರೆಯತಕ್ಕದ್ದು. ತಪ್ಪೆಂದು ತಿದ್ದಹೊರಟವರಿಂದ ಎಷ್ಟೋ ಶುದ್ಧಪಾಠಗಳು ನಷ್ಟವಾಗಿವೆ. ಈ ಧರ್ಮವು ಕಂಪ್ಯೂಟರಿನ ಆಟಗಳಿಗೂ ಸಲ್ಲುವುದೆಂದರೆ ವಾಚಕರು ಆಶ್ಚರ್ಯಪಡಬಹುದು.

1978ರಲ್ಲಿ ಆಪಲ್ ಕಂಪೆನಿಯು ‘ಡಿಸ್ಕ್ ಟು’ ಎಂಬ ಯಂತ್ರವನ್ನು ಹೊರತಂದಿತು. ಅದರಲ್ಲಿ ಫ್ಲಾಪಿಯು ನಿಮಿಷಕ್ಕೆ 300 ಸುತ್ತು ತಿರುಗುವುದು. ಆಟಗಳನ್ನು ಮಾರುತ್ತಿದ್ದವರಲ್ಲಿ ಕೆಲವರು ಕಳ್ಳಪ್ರತಿಗಳಿಗೆ ಅಂಜಿ, ಫ್ಲಾಪಿಯ ಒಂದೆಡೆಯಲ್ಲಿ ಅಯಸ್ಕಾಂತದ ಗುರುತನ್ನೇ ಇಡದೆ ಬಿಟ್ಟರು. ಆ ಬರಿದಾದ ಎಡೆಯನ್ನು ಓದಿದಾಗಲೆಲ್ಲ ಯಂತ್ರಕ್ಕೆ ಬೇರೆ ಬೇರೆ ಪಾಠ ದೊರೆಯುವುದು. ಸಾಮಾನ್ಯ ನಕಲಿನಲ್ಲಾದರೋ ಒಂದೇ ಪಾಠ ಸ್ಥಿರವಾಗಿ ನಿಲ್ಲುವುದು. ಆಟವು ಎರಡು ಬಾರಿ ಓದಿನೋಡಿ, ಎರಡೂ ಒಂದೇ ಆದರೆ ನಕಲೆಂದರಿತು ನಿಂತುಬಿಡುವುದು.

ಈಗ ಆ ಫ್ಲಾಪಿಗಳು ಜೀರ್ಣವಾಗುತ್ತಿವೆ, ಯಂತ್ರಗಳೂ ವಿರಳ. ಕಳ್ಳನಿಗೆಂದು ಹಾಕಿದ ಬೀಗವು ಮನೆಯವರನ್ನೇ ಹೊರಗಿಟ್ಟಂತಾಯಿತು. ಬೀಗವನ್ನು ಮುರಿದವರುಂಟು, ಆದರೆ ಹಾಗೆ ಮುರಿದ ಪ್ರತಿಗಳಲ್ಲಿ ಕೆಲವು ಆಟಗಳ ಮೊದಲ ಚಿತ್ರಗಳೇ ಮಾಯವಾದವು. ಅದು ಪಾಠವನ್ನು ತಿದ್ದಿದಂತೆಯೇ ಸರಿ. ಆದುದರಿಂದ 2018ರಲ್ಲಿ ‘ವಾಜ್’ ಎಂಬ ಹೊಸ ಪ್ರತಿಕ್ರಮವೊಂದು ರೂಪುಗೊಂಡಿತು. ಅದರಲ್ಲಿ ಫ್ಲಾಪಿಯ ಬರಿದಾದ ಎಡೆಗಳೂ ಇದ್ದಂತೆಯೇ ಉಳಿಯುವುವು. ಇಂದಿನ ಕಂಪ್ಯೂಟರು ಹಳೆಯ ಯಂತ್ರದ ತಿರುಗಾಟವನ್ನೂ ತಡವರಿಕೆಯನ್ನೂ ಅನುಕರಿಸಲು, ಬೀಗ ಮುರಿಯದೆಯೇ ಆಟವು ತೆರೆದುಕೊಳ್ಳುವುದು.

ಆಟವೆಂದರೆ ಅಲ್ಪವಸ್ತುವೆಂದು ಉಪೇಕ್ಷಿಸಲಾಗದು. ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಒಂದು ಓಲೆಪ್ರತಿ ಬಂದು ಸೇರಿದುದರಿಂದಲ್ಲವೆ, ಶಾಮಶಾಸ್ತ್ರಿಗಳು 1909ರಲ್ಲಿ ಅರ್ಥಶಾಸ್ತ್ರವನ್ನು ಪ್ರಕಟಿಸಲು ಸಾಧ್ಯವಾದುದು? ನಮ್ಮ ತ್ಯಾಗರಾಜನಗರದ ಮನೆಗಳ ಅಟ್ಟದಲ್ಲಿಯೂ ಹಳೆಯ ಫ್ಲಾಪಿಗಳಿದ್ದಲ್ಲಿ, ಗುಜರಿಗೆ ಹಾಕುವ ಮುನ್ನ ಬಲ್ಲವರಿಗೆ ತೋರಿಸಿರಿ. ತೇವ, ಬಿಸಿಲು, ಅಯಸ್ಕಾಂತಗಳಿಂದ ದೂರವಿಡಿರಿ. ಯಾವುದು ಅಮೂಲ್ಯವೆಂಬುದನ್ನು ನಿರ್ಣಯಿಸುವವರು ಮುಂದಿನವರು. ಕಾಪಾಡಿ ಕೊಡುವುದಷ್ಟೇ ನಮ್ಮ ಪಾಲಿನ ಕರ್ತವ್ಯ.