ಒಂಟಿ ಹಾಡೆಂಬ ಸುಳ್ಳು

ಗಿಟಾರು ಹಿಡಿದವರ ಮೇಲೆ ನನಗೆ ಸಿಟ್ಟಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ‘ಈ ಬಂಡಾಯದವರು ಎಲ್ಲದಕ್ಕೂ ತಕರಾರು ತೆಗೀತಾರೆ’ ಎಂಬ ಹಳೇ ರಾಗ ಶುರುವಾಗುತ್ತದೆ. ತಕರಾರು ಗಿಟಾರಿನದಲ್ಲ, ಗಿಟಾರಿನ ಪಕ್ಕದಲ್ಲಿ ಅಚ್ಚು ಹಾಕುವ ಎರಡು ಪದಗಳದು. ಒಂದು ‘ಸೋಲೋ’, ಇನ್ನೊಂದು ‘ಜಾನಪದ’.

ಗಜೇಂದ್ರಗಡದಿಂದ ರೋಣಕ್ಕೆ ಬರುವ ಬಸ್ಸಿನಲ್ಲಿ ಕಾಲೇಜು ಹುಡುಗನೊಬ್ಬ ಫೋನಿನಲ್ಲಿ ಹಾಡು ಹಚ್ಚಿದ್ದ. ರಘು ದೀಕ್ಷಿತ್ ಹಾಡಿದ ಶರೀಫರ ಗುಡುಗುಡಿ ಪದ. ಪಕ್ಕದಲ್ಲಿ ಕೂತವರು ನಮ್ಮ ಕೇರಿಯ ಭಜನಾ ಮೇಳದಲ್ಲಿ ನಲವತ್ತು ವರ್ಷ ದಮ್ಮಡಿ ಬಾರಿಸಿದ ಹಿರಿಯರು. ಕೇಳಿದರು, ತಲೆದೂಗಿದರು.

‘ಚಲೋ ಹಾಡ್ಯಾನ. ಯಾರಪಾ ಇಂವಾ?’

ಹುಡುಗ ಹೆಸರು ಹೇಳಿದ.

‘ಪದಾ ಶರೀಫಜ್ಜಂದು.’

‘ಹೌದ್ರಿ ಯಜ್ಜಾ, ಅದನ್ನೂ ಬರದಾರ.’

‘ಶರೀಫಜ್ಜ ಹೋಗಿ ನೂರು ವರ್ಷದ ಮ್ಯಾಲಾತು. ಮತ್ತ ಈ ಪದಾ ಇಲ್ಲೀ ತನಕಾ ಯಾರು ತಂದ್ರು?’

ಹುಡುಗ ಫೋನನ್ನು ಮೇಲೆ ಕೆಳಗೆ ಸರಿಸಿ ನೋಡಿದ. ಅಲ್ಲಿ ಅದು ಬರೆದಿರಲಿಲ್ಲ.

ರಾಕ್ ಸಂಗೀತಗಾರರಿಗೆ ಒಂದು ಕಾಲ ಬರುತ್ತದೆ. ಡ್ರಮ್ಮು ಸಾಕು, ಕರೆಂಟಿನ ಗದ್ದಲ ಸಾಕು, ಒಂದು ಮರದ ಗಿಟಾರು ಹಿಡಿದು ಮಣ್ಣಿನ ಹಾಡು ಹಾಡೋಣ ಅನ್ನಿಸುವ ಕಾಲ. ಅಮೆರಿಕದ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರಲ್ಲಿ ‘ನೆಬ್ರಾಸ್ಕಾ’ ಎಂಬ ಆಲ್ಬಮನ್ನು ತಂಡವಿಲ್ಲದೆ, ಮನೆಯಲ್ಲಿ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರದ ಮುಂದೆ ಕೂತು ಮಾಡಿದ. 2006ರಲ್ಲಿ ಜನಪದ ಹಾಡುಗಳದೇ ಇನ್ನೊಂದು ಆಲ್ಬಮ್ ತಂದ. ಒಳ್ಳೆಯ ಕೆಲಸಗಳೇ. ನಮ್ಮಲ್ಲೂ ಆ ಗಾಳಿ ಬೀಸಿತು. ಮೈಸೂರಿನಲ್ಲಿ ‘ಅಂತರಾಗ್ನಿ’ ತಂಡ ಕಟ್ಟಿದ್ದ ರಘು ದೀಕ್ಷಿತ್ 2008ರಲ್ಲಿ ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’ ಹೆಸರಿನಲ್ಲಿ ಮೊದಲ ಆಲ್ಬಮ್ ತಂದರು. ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ, ಕೊರಳಿಗೆ ಗಿಟಾರು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ, 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವ. ಶಿಶುನಾಳದ ಪದ ಇಂಗ್ಲೆಂಡಿನ ಕೆಸರಿನಲ್ಲಿ ಕುಣಿಯಿತು. ಕನ್ನಡ ತಿಳಿಯದವರೂ ಕುಣಿದರು. ಇದನ್ನು ಅಲ್ಲಗಳೆಯುವವನು ಹೊಟ್ಟೆಕಿಚ್ಚಿನವ.

ಶರೀಫರ ಹೆಸರನ್ನು ಅವರು ಮುಚ್ಚಿಡಲೂ ಇಲ್ಲ. ವೇದಿಕೆ ಮೇಲೆ ನಿಂತು ಹೇಳುತ್ತಾರೆ. ಗಿಟಾರಿಗಿಂತ ಮುಂಚೆ ಪೇಟಿ ತಬಲಾದವರೂ ಇದೇ ಪದಗಳನ್ನು ನಗರಕ್ಕೆ ಒಯ್ದಿದ್ದರು. 1990ರ ನಾಗಾಭರಣರ ಸಿನಿಮಾ, ಸಿ. ಅಶ್ವತ್ಥರ ಆ ಗಂಟಲು ಯಾರಿಗೆ ನೆನಪಿಲ್ಲ? ಹಾಗಾಗಿ ಒಬ್ಬರನ್ನು ಕಟಕಟೆಯಲ್ಲಿ ನಿಲ್ಲಿಸುವುದು ನನ್ನ ಉದ್ದೇಶವಲ್ಲ. ನಾನು ಕೇಳುತ್ತಿರುವುದು ಆ ಹಿರಿಯರು ಬಸ್ಸಿನಲ್ಲಿ ಕೇಳಿದ್ದನ್ನೇ. ಶರೀಫರು ತೀರಿಕೊಂಡದ್ದು 1889ರಲ್ಲಿ, ಆ ಆಲ್ಬಮ್ ಬಂದದ್ದು 2008ರಲ್ಲಿ. ನಡುವೆ 119 ವರ್ಷ. ಪುಸ್ತಕಗಳು ಅಚ್ಚಾದವು, ಆಕಾಶವಾಣಿ ಹಾಡಿಸಿತು, ನಿಜ. ಆದರೆ ಪುಸ್ತಕದಲ್ಲಿ ಧಾಟಿ ಇರುವುದಿಲ್ಲ ಗೆಳೆಯರೇ. ಧಾಟಿ ಇದ್ದದ್ದು ಹಗಲೆಲ್ಲಾ ಮಂದಿ ಹೊಲದಲ್ಲಿ ಶೇಂಗಾ ಕಿತ್ತು, ರಾತ್ರಿ ಏಕತಾರಿ ಹಿಡಿದು ಕೂತವರ ಗಂಟಲಲ್ಲಿ. ಅಮವಾಸ್ಯೆಗೊಮ್ಮೆ ಭಜನಿ, ಸಾವಿನ ಮನೆಯಲ್ಲಿ ಹೆಣದ ಮುಂದೆ ಬೆಳತನಕ ಭಜನಿ. ಕೂಲಿ ಎಂದರೆ ಚಾ, ಮಂಡಕ್ಕಿ. ಊರಾಗಿನ ಮೇಳ ಗುಡಿಯ ಒಳಗೆ ಕೂತರೆ ಕೇರಿಯ ಮೇಳ ಕಟ್ಟೆಯ ಕೆಳಗೆ. ಪದ ಮಾತ್ರ ಒಂದೇ!

ಇಷ್ಟು ಜನ ಹೊತ್ತು ತಂದ ಹಾಡನ್ನು ಒಬ್ಬ ಹಾಡಿದರೆ ಅದು ‘ಸೋಲೋ’. ಹೊತ್ತು ತಂದವರಿಗೆ ಒಟ್ಟಾರೆ ಒಂದು ಹೆಸರು, ‘ಜಾನಪದ’. ಜನ ಅಂದರೆ ಯಾರೂ ಅಲ್ಲ ಎಂದು ಅರ್ಥ.

ಕಾನೂನೂ ಅದನ್ನೇ ಹೇಳುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದವನ ಹಕ್ಕು ಅವನು ಸತ್ತು 60 ವರ್ಷದ ತನಕ. ಶರೀಫರ ಪದಗಳ ಮೇಲೆ ಈಗ ಯಾರಿಗೂ ಹಕ್ಕಿಲ್ಲ, ಇರಬಾರದು ಕೂಡ. ಆದರೆ ಅದೇ ಪದವನ್ನು ಸ್ಟುಡಿಯೋದಲ್ಲಿ ಮುದ್ರಿಸಿದ ಕಂಪನಿಗೆ ಆ ಧ್ವನಿಮುದ್ರಣದ ಮೇಲೆ 60 ವರ್ಷ ಹಕ್ಕು. 1994ರ ತಿದ್ದುಪಡಿ ಹಾಡುವವರಿಗೂ ಹಕ್ಕು ಕೊಟ್ಟಿತು. ಕಾಗದದ ಮೇಲೆ ಕೊಟ್ಟಿತು. ನಮ್ಮ ಮೇಳದವರ ಹಾಡನ್ನು ಯಾರೋ ಬಂದು ಮುದ್ರಿಸಿಕೊಂಡು ‘ನಮಸ್ಕಾರ’ ಹೇಳಿ ಹೋದಾಗ, ಸಹಿ ಯಾವುದಕ್ಕೆ ಹಾಕಿದೆವು ಅಂತ ಕೇಳಿದವರಿಲ್ಲ. ಹೆಬ್ಬೆಟ್ಟಿಗೆ ಯಾವ ರಾಯಲ್ಟಿ?

ಇದು ನಮ್ಮೂರಿನ ಕಥೆಯಷ್ಟೇ ಅಲ್ಲ. ದಕ್ಷಿಣ ಆಫ್ರಿಕದ ಜುಲು ಹಾಡುಗಾರ ಸಾಲೊಮನ್ ಲಿಂಡಾ 1939ರಲ್ಲಿ ಜೊಹಾನ್ಸ್‌ಬರ್ಗಿನ ಸ್ಟುಡಿಯೋದಲ್ಲಿ ‘ಎಂಬೂಬೆ’ ಎಂಬ ಹಾಡು ಹಾಡಿದ. ಹಕ್ಕು ಹೋದದ್ದು 10 ಶಿಲಿಂಗಿಗೆ. ಅಮೆರಿಕದವರು ಅದನ್ನು ಯಾರೂ ಒಡೆಯರಿಲ್ಲದ ಆಫ್ರಿಕದ ಜಾನಪದ ಎಂದುಕೊಂಡು ಹಾಡಿದರು, 1961ರಲ್ಲಿ ಇಂಗ್ಲಿಷ್ ಮಾತು ಹಚ್ಚಿದರು, ಜಗತ್ತೆಲ್ಲಾ ಮಾರಿದರು. ಲಿಂಡಾ 1962ರಲ್ಲಿ ಬಡವನಾಗಿಯೇ ಸತ್ತ. ಮನೆಯವರು ಕೋರ್ಟಿಗೆ ಹೋಗಿ, 2006ರಲ್ಲಿ ರಾಜಿಯಾಗಿ, ಆಮೇಲೆ ಒಂದಿಷ್ಟು ಹಣ ಕಂಡರು. ಅವನದು ಅಂತ ತೋರಿಸಲು ಒಂದು ತಟ್ಟೆಯಾದರೂ ಇತ್ತು. ನಮ್ಮ ದಮ್ಮಡಿಯ ಹಿರಿಯರ ಹತ್ತಿರ ಏನಿದೆ?

ಈಗ ಇನ್ನೊಂದು ಮಾತಿಗೆ ಬರುತ್ತೇನೆ. ಇದು ಕಹಿ, ನಮಗೂ ಕಹಿ. ನಗರದಿಂದ ಬರುವವರ ಬಾಯಲ್ಲಿ ಒಂದೇ ಹಲುಬು: ‘ಕಲೆ ನಶಿಸಿಹೋಗುತ್ತಿದೆ.’ ಯಾವ ಕಲೆ? ಸವದತ್ತಿ ಇಲ್ಲಿಗೆ ದೂರವಲ್ಲ, ನರಗುಂದದ ಮಗ್ಗುಲಿಗೇ ಇದೆ. ಎಲ್ಲಮ್ಮನ ಜೋಗತಿಯರ ಚೌಡಿಕೆಯ ನಾದ ಕೇಳಿದರೆ ಮೈ ಝುಂ ಅನ್ನುತ್ತದೆ. ಆದರೆ ಆ ಚೌಡಿಕೆ ಹಿಡಿಯಲು ನಮ್ಮ ಅಕ್ಕತಂಗಿಯರು ಕೊಟ್ಟ ಬೆಲೆ ಕೊರಳಿನ ಮುತ್ತು. 1982ರಲ್ಲಿ ದೇವದಾಸಿ ಸಮರ್ಪಣೆ ನಿಷೇಧದ ಕಾಯ್ದೆ ಬಂದಮೇಲೂ ಕದ್ದುಮುಚ್ಚಿ ಮುತ್ತು ಕಟ್ಟಿದರು. ಹಾಡು ಉಳಿಯಬೇಕೆಂದು ಇನ್ನೊಂದು ಹುಡುಗಿಗೆ ಮುತ್ತು ಕಟ್ಟಬೇಕೇನು? ಹಲಗಿಯೂ ಅಷ್ಟೆ. ಸತ್ತ ದನದ ಚರ್ಮ ನಮ್ಮದು, ಕಾಸುವ ಬೆಂಕಿ ನಮ್ಮದು, ಮೆರವಣಿಗೆ ಅವರದು. ಬಾರಿಸುವುದಿಲ್ಲ ಎಂದ ದಿನ ಕೇರಿಗೆ ಬಹಿಷ್ಕಾರ ಹಾಕಿದ್ದನ್ನು ಕಂಡವರಿದ್ದಾರೆ. ನಮ್ಮಪ್ಪ ಹಲಗಿಯನ್ನು ಗೂಟಕ್ಕೆ ತೂಗುಹಾಕಿದ, ಮತ್ತೆ ಇಳಿಸಲಿಲ್ಲ. ಆ ಹಲಗಿ ಸುಮ್ಮನಾದದ್ದು ನಾಶವಲ್ಲ. ಅದೊಂದು ಹೋರಾಟ.

ಇವತ್ತು ಅದೇ ಹಲಗಿಯ ಪೆಟ್ಟು ಕಂಪ್ಯೂಟರಿನಲ್ಲಿ ‘ಫೋಕ್ ಬೀಟ್’ ಆಗಿ ಸಿಗುತ್ತದಂತೆ. ನೋಡಿ, ಬಾರಿಸುವ ಕೈ ಬೇಡ, ಕೈಯ ಜಾತಿ ಬೇಡ, ಸದ್ದು ಸಾಕು. ಮುಟ್ಟದೇ ಬಾರಿಸುವ ಉಪಾಯವನ್ನು ಕೊನೆಗೂ ಕಂಡುಹಿಡಿದರು!

ನಮ್ಮ ಸೀಮೆಯ ಒಂದು ಕಾಲೇಜಿನ ಗ್ಯಾದರಿಂಗು ನಾನೇ ನೋಡಿದ್ದು. ಹೆಸರು ಬೇಡ. ಹಲಗಿಯವರನ್ನು ಗೇಟಿನಿಂದ ವೇದಿಕೆಯ ಮೆಟ್ಟಿಲತನಕ ಅತಿಥಿಗಳನ್ನು ಕರೆತರಲು ಕರೆಸಿದ್ದರು. ಮೆಟ್ಟಿಲ ಹತ್ತಿರ ‘ಸಾಕು’ ಎಂದರು. ವೇದಿಕೆಯ ಮೇಲೆ ಗಿಟಾರಿನ ತಂಡ ಜನಪದ ಹಾಡಿತು. ಹಲಗಿಯವರು ಬಯಲಲ್ಲಿ ಬೇವಿನ ಗಿಡದ ಕೆಳಗೆ ಕೂತು ಅದನ್ನೇ ಕೇಳಿದರು. ಭಾಷಣದಲ್ಲಿ ‘ನೆಲಮೂಲ ಸಂಸ್ಕೃತಿ’ ಎಂಬ ಮಾತು ನಾಲ್ಕು ಸಲ ಬಂತು. ನಾನು ಎಣಿಸಿದೆ. ಎದ್ದು ನಿಂತು ಕೇಳಲಿಲ್ಲವಲ್ಲ ಎಂಬುದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಮಾಸ್ತರಕಿ ಮಾಡುವವನ ಹೆದರಿಕೆ ನಿಮಗೂ ಗೊತ್ತು. ಮುಲ್ಕಿ ಪಾಸಾಗಿ ಮಾಸ್ತರಕಿ ಮಾಡಿದ್ದ ಶರೀಫರೂ ಅದನ್ನು ಬಿಟ್ಟಮೇಲೆಯೇ ಶರೀಫಜ್ಜ ಆದರು!

ನರಗುಂದದ ರೈತರಿಗೆ ಈ ಲೆಕ್ಕ ಹೊಸದಲ್ಲ. ಮಲಪ್ರಭೆಯ ನೀರು ಕೊಟ್ಟೆವು, ನಿಮ್ಮ ಹೊಲದ ಬೆಲೆ ಏರಿತು, ಅದಕ್ಕೆ ಅಭಿವೃದ್ಧಿ ಕರ ಕೊಡಿ ಎಂದರು ಆಗ. 1980ರ ಜುಲೈ 21ರಂದು ನರಗುಂದದಲ್ಲಿ ಗುಂಡು ಹಾರಿತು, ರೈತನ ಜೀವ ಹೋಯಿತು. ಹಾಡಿಗೂ ಈಗ ಅದೇ ವಾದ: ನಿಮ್ಮ ಪದವನ್ನು ಲಂಡನ್ನಿಗೆ ಮುಟ್ಟಿಸಿದೆವು, ನಿಮ್ಮ ಕಲೆಯ ಬೆಲೆ ಏರಿತು, ಋಣದಲ್ಲಿರಿ. ಯಾರು ಯಾರ ಋಣದಲ್ಲಿದ್ದಾರೆ?

ಹಾಡಬೇಡಿ ಅಂತ ನಾವು ಹೇಳುವುದಿಲ್ಲ. ಪದಕ್ಕೆ ಬೇಲಿ ಹಾಕಿದರೆ ನಾವೂ ಊರ ಗೌಡರಾಗುತ್ತೇವೆ. ಗಿಟಾರು ನಮ್ಮ ಹುಡುಗರೂ ಕಲಿಯಲಿ, ಹಾಸ್ಟೆಲ್ಲಿನಲ್ಲಿ ಈಗಾಗಲೇ ಒಂದಿಬ್ಬರು ಕಲಿಯುತ್ತಿದ್ದಾರೆ. ಹಲಗಿಯನ್ನು ಮತ್ತೆ ಹಿಡಿಯುತ್ತೇವೋ ಬಿಡುತ್ತೇವೋ ಅದು ನಮ್ಮ ನಿರ್ಧಾರ. ಹಿಡಿದರೆ ವೇದಿಕೆಯ ಮೇಲೆ, ಗಿಟಾರಿನವನಿಗೆ ಕೊಡುವಷ್ಟೇ ಸಂಭಾವನೆಗೆ. ಆಲ್ಬಮಿನ ಮೇಲೆ ‘ಜಾನಪದ’ ಎಂದು ಬರೆಯುವ ಕಡೆ ಊರು, ಮೇಳ, ಧಾಟಿ ಕಲಿಸಿದವರ ಹೆಸರು ಬರೆಯಲಿ. ಹಣ ಬಂದರೆ ಪಾಲು ಬರಲಿ.

ಇದಕ್ಕೆ ನಮ್ಮ ಕೈಯಲ್ಲಿ ಮೊದಲು ಹೆಸರುಗಳಿರಬೇಕು. ರೋಣ, ನರಗುಂದ, ಗಜೇಂದ್ರಗಡ ಮೂರೂ ತಾಲೂಕಿನ ಮಾಸ್ತರರು, ಹಾಸ್ಟೆಲ್ ಹುಡುಗರು ತಮ್ಮ ಊರಿನ ಮೇಳದವರ ಹತ್ತಿರ ಕೂತು, ಅವರ ಒಪ್ಪಿಗೆ ಪಡೆದು, ಯಾವ ಪದ ಯಾರಿಂದ ಯಾರಿಗೆ ಬಂತು ಅಂತ ಬರೆದು ಕಳಿಸಿ. ಬಸ್ಸಿನ ಆ ಹುಡುಗ ನಮ್ಮ ಕೇರಿಗೆ ಎರಡು ಸಲ ಬಂದು ಹೋಗಿದ್ದಾನೆ. ಹಿರಿಯರು ಅವನ ನೋಟುಬುಕ್ಕಿನಲ್ಲಿ ಮೊದಲು ಬರೆಸಿದ್ದು ತಮ್ಮ ಹೆಸರನ್ನಲ್ಲ. ತಮಗೆ ದಮ್ಮಡಿ ಹಿಡಿಯಲು ಕಲಿಸಿದ ಒಬ್ಬ ಮುದುಕಿಯ ಹೆಸರನ್ನು.